ಚೆಕ್ಕುಬಂದಿ

ಸೋಮವಾರಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು,
ಬೀಗ ರಿಪೇರಿಯವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ನನ್ನ ಮೇಜು.
ಇಪ್ಪತ್ತೆಂಟು ವರ್ಷದಿಂದ ಕಂಡವರ ನೆಲ ಬರೆಯುತ್ತಿದ್ದೇನೆ.
ಪೂರ್ವಕ್ಕೆ ಇಂಥವರ ಹಿಡುವಳಿ, ಪಶ್ಚಿಮಕ್ಕೆ ಹೊಳೆ,
ಉತ್ತರಕ್ಕೆ ಸರ್ಕಾರಿ ಬಾಣೆ, ದಕ್ಷಿಣಕ್ಕೆ ಓಣಿ.
ಇಷ್ಟು ಬರೆದರೆ ಸಾಕು,
ನೆಲ ಅಲ್ಲಾಡದೆ ಕೂರುತ್ತದೆ.

ಈ ಸಲ ಬಂದವರು ಐದು ಮಂದಿ, ಒಂದೇ ಜೀಪಿನಲ್ಲಿ.
ಗೌಡಳ್ಳಿ ಆಚೆಯ ಗುಡ್ಡದಲ್ಲಿ
ಐವರಿಗೂ ಒಂದೊಂದು ಕಲ್ಲುಗಣಿ ಗುತ್ತಿಗೆ.
ಪಳಂಗಪ್ಪನದು ನಾಲ್ಕೆಕರೆ, ಸೂಫಿಯದು ಮೂರು,
ಶಾಂತವೀರಯ್ಯನದು ಎರಡೆಕರೆ ಹತ್ತು ಗುಂಟೆ,
ಲಾಜರನದು ಒಂದೂವರೆ,
ಚೋಂದಮ್ಮನದು ಬರೀ ಮೂವತ್ತು ಗುಂಟೆ.

‘ಐದನ್ನೂ ಸೇರಿಸಿ ಒಂದು ಮಾಡಿ, ಸಾಮೀ.
ಒಂದೇ ಗುತ್ತಿಗೆ, ಒಂದೇ ಪರ್ಮಿಟ್ಟು, ಒಂದೇ ಕ್ರಷರ್.
ಯಾರ ಗುಂಡಿಯಿಂದ ಕಲ್ಲೆದ್ದರೂ
ಎಕರೆ ಲೆಕ್ಕದಲ್ಲಿ ಪಾಲು.’

ಲಾಜರ್ ಒಪ್ಪಲಿಲ್ಲ. ‘ಈಯಮ್ಮನ ಗುಂಡಿಯಲ್ಲಿ ಕಲ್ಲೆಲ್ಲಿದೆ?
ಮೂರಾಳು ನೀರಿದೆ.’

‘ನಿಮ್ಮದೇ ನೀರು’ ಅಂದಳು ಚೋಂದಮ್ಮ.
ಚೀಲದಿಂದ ಹಳೆಯ ಕ್ಯಾಲೆಂಡರ್ ತೆಗೆದಳು.
ಸೂಫಿ ಪಂಪು ಹಚ್ಚಿದ ದಿನಕ್ಕೆ ಕೆಂಪು ಚುಕ್ಕೆ,
ಪಂಪು ಕೆಟ್ಟ ದಿನಕ್ಕೆ ನೀಲಿ,
ಪಕ್ಕದಲ್ಲಿ ತನ್ನ ಗುಂಡಿಯ ನೀರು ಇಳಿದ ಅಳತೆ,
ಏರಿದ ಅಳತೆ, ಅಡಿಯಲ್ಲಿ, ಅಂಗುಲದಲ್ಲಿ.
ಐದು ವರ್ಷದ ಲೆಕ್ಕ.

ಸೂಫಿ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.
‘ಕೆಳಗೆ ಯಾವತ್ತೋ ಕೂಡಿಕೊಂಡುಬಿಟ್ಟಿದೆ ಕಣೋ,
ಮೇಲೆ ಬರೆಯುವುದೊಂದು ಬಾಕಿ.’

ರೂಪಾಯಿಗೆ ಆರೂವರೆ ಪೈಸೆ, ಬರೆದೆ ಚೋಂದಮ್ಮನ ಹೆಸರಿಗೆ.

ಆಮೇಲೆ ಹಳೆಯ ಪತ್ರಗಳನ್ನು ಬಿಚ್ಚಿದೆ.
ಲಾಜರನ ಪೂರ್ವ ಅಂದರೆ ಸೂಫಿ,
ಸೂಫಿಯ ಪಶ್ಚಿಮ ಅಂದರೆ ಲಾಜರ್.
ಒಬ್ಬರಿಗೊಬ್ಬರು ದಿಕ್ಕಾಗಿದ್ದವರು.
ಒಂದೊಂದೇ ಹೆಸರು ಹೊಡೆದುಹಾಕುತ್ತಾ ಬಂದೆ.

ಏಳನೇ ಕಲಮಿಗೆ ಬಂದಾಗ ಎಲ್ಲರೂ ಕುರ್ಚಿ ಮುಂದೆ ಎಳೆದರು.
ಗುಂಡಿಗೂ ಗುಂಡಿಗೂ ನಡುವೆ
ಕಾನೂನು ಬಿಡಿಸಿದ್ದ ಬಂಡೆಯ ಗೋಡೆ,
ಆ ಕಡೆ ಏಳೂವರೆ ಮೀಟರ್, ಈ ಕಡೆ ಏಳೂವರೆ,
ಇಷ್ಟು ವರ್ಷ ಉಳಿಗೆ ಸಿಗದೆ ನಿಂತದ್ದು.
ಗಡಿಯೇ ಇಲ್ಲದ ಮೇಲೆ ಗೋಡೆ ಯಾಕೆ?
ಆಗ ಗೊತ್ತಾಯಿತು
ಜೀಪಿನಲ್ಲಿ ಐವರ ಜೊತೆ ಬಂದ ಆರನೆಯದು ಯಾವುದು ಎಂದು.

ಬರೆಯುವ ಮೊದಲು ಹೋಗಿ ನೋಡಿದ್ದು
ನನ್ನ ಕಸುಬಿನಲ್ಲಿ ಅದೇ ಮೊದಲು.
ಗೋಡೆಯ ನೆತ್ತಿಯ ಮೇಲೆ ಎರಡಡಿ ಅಗಲದ ದಾರಿ
ಸವೆದು ನುಣ್ಣಗಾಗಿದೆ.
ಬಿರುಕಿನಲ್ಲೊಂದು ಅತ್ತಿ ಗಿಡ.
ಜಲ್ಲಿ ಒಡೆಯುವ ಸೆಲ್ವಿ ಬುತ್ತಿ ಹಿಡಿದು ದಾಟುತ್ತಿದ್ದಳು,
ಹಿಂದೆ ಅವಳ ಹುಡುಗ, ಶಾಲೆ ಚೀಲ ಹೊಟ್ಟೆಗೆ ಕಟ್ಟಿಕೊಂಡು.
‘ಬಲಕ್ಕೆ ನಡೀರಿ ಸಾರ್,
ಮದ್ದು ಹಾರಿಸಿದ ಮೇಲೆ ಎಡಗಡೆ ಟೊಳ್ಳು ಸದ್ದು ಬರುತ್ತೆ’ ಅಂದಳು.
ಆಚೆ ಅವರ ಆರು ತಗಡಿನ ಶೆಡ್ಡು, ಒಂದು ಕುಲುಮೆ.
ಸುತ್ತಿ ಬಂದರೆ ಎರಡು ಮೈಲಿ.

ಮರುದಿನ ಶುದ್ಧ ಪ್ರತಿ ತೆಗೆದೆ.
ಹೊಸ ಚೆಕ್ಕುಬಂದಿ, ನಾಲ್ಕು ದಿಕ್ಕು, ಹನ್ನೊಂದೂವರೆ ಎಕರೆ.
ಕೈ ಅಲ್ಲಿಗೆ ನಿಲ್ಲಲಿಲ್ಲ. ಐದನೆಯ ಸಾಲು ಬಿತ್ತು.
ಮಧ್ಯಕ್ಕೆ: ಕಾಲುದಾರಿ.

ಪಳಂಗಪ್ಪ ಓದಿ ಕನ್ನಡಕ ಕೆಳಗಿಟ್ಟ.
‘ಇದ್ಯಾವ ದಿಕ್ಕು ಸಾಮೀ?’

ನನಗೂ ಗೊತ್ತಿಲ್ಲ. ನಾನೇ ಅಡ್ಡಗೆರೆ ಎಳೆದೆ.
ಆದರೆ ಹೊಡೆದ ಸಾಲಿನ ಪಕ್ಕ
ಪಾಲುದಾರರೆಲ್ಲರ ಚಿಕ್ಕ ರುಜು ಬೇಕು,
ಇಲ್ಲದಿದ್ದರೆ ಹೊಡೆದದ್ದು ಹೊಡೆದ ಹಾಗಲ್ಲ.
ನಾಲ್ಕು ಬಿದ್ದಿವೆ.

ಚೋಂದಮ್ಮ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು.
ಎರಡು ಗಂಟೆಯ ಶನಿವಾರಸಂತೆ ಬಸ್ಸಿಗೆ ಹೊತ್ತಾಯಿತು ಅಂದಳು.
ಹಾಳೆಯ ಮೇಲೆ ಕಲ್ಲೊಂದು ಇಟ್ಟು
ನಾನೂ ಊಟಕ್ಕೆ ಎದ್ದೆ.