ಬಾಗಿಲು ಈ ಕಡೆ

ಹತ್ತೊಂಬತ್ತನೆಯ ದಿನ ಬಲಗೈ ಮಣಿಕಟ್ಟು ಮುಷ್ಕರ ಹೂಡಿತು.
ಆಕ್ಸಿಲರೇಟರ್ ತಿರುವಲಾರೆ ಎಂದಿತು,
ನೀರಿನ ಬಾಟಲಿಯ ಮುಚ್ಚಳವನ್ನೂ.
ಬೀಳಗಿ ದಾಟಿ, ಕಣಿಕೆ ಹೇರಿದ ಟ್ರ್ಯಾಕ್ಟರಿನ ಹಿಂದೆ
ಡಾಂಬರು ಬಿಟ್ಟು, ಕಲ್ಲುದಾರಿ ಬಿಟ್ಟು,
ಕೊನೆಗೆ ದಾರಿಯೇ ನನ್ನನ್ನು ಬಿಟ್ಟು
ಹಿನ್ನೀರಿಗೆ ಇಳಿದುಹೋದ ಕಡೆ
ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದೆ.

ಏಪ್ರಿಲ್ಲಿನ ಕೃಷ್ಣೆ ದೂರ ಸರಿದು ಕೂತಿದ್ದಳು
ಮಡಿಲಲ್ಲಿದ್ದುದನ್ನೆಲ್ಲ ಬಿಸಿಲಿಗೆ ಹರವಿ:
ಬಿರಿದ ಎರೆ, ಬಸವನಹುಳದ ಚಿಪ್ಪು,
ಬೀಸುಕಲ್ಲಿನ ಒಂದು ಹೋಳು,
ಮೊಣಕಾಲೆತ್ತರ ಉಳಿದ ಗೋಡೆಗಳ ಸಾಲು.
ಅದರಲ್ಲೊಂದು ಚೌಕ, ಗಾಳಿಗೆ ಮರೆ.
ಗೋಡೆಯ ಮೇಲಿಂದ ಚೀಲ ಎಸೆದು, ಕಾಲೆತ್ತಿ ದಾಟಿ,
ಎಡಗೈಯಲ್ಲೇ ಗೂಟ ಬಡಿದು
ಡೇರೆಯೆಂಬುದನ್ನು ಹೇಗೋ ನಿಲ್ಲಿಸಿದೆ.
ನಿದ್ದೆ ನನಗಿಂತ ಮೊದಲೇ ಒಳಹೋಗಿ ಮಲಗಿತ್ತು.

ಮರುದಿನ ಎದ್ದೆ, ಮತ್ತೆ ಮಲಗಿದೆ.
ನೆರಳು ಸರಿದಂತೆ ಚಾಪೆ ಸರಿಸಿದೆ.
ಲೆಕ್ಕದ ಪುಸ್ತಕದಲ್ಲಿ ಕಿಲೋಮೀಟರ್ ಎಂಬಲ್ಲಿ
ಸೊನ್ನೆ ಬರೆದೆ. ನಾಚಿಕೆಯಾಯಿತು ಮೊದಲು.
ಆಮೇಲೆ ನೋಡಿದರೆ, ಎಡಗೈ ಬರೆದದ್ದಾದರೂ
ಸೊನ್ನೆ ಎಷ್ಟು ದುಂಡಗಿತ್ತು!

‘ಯಾರದಾರ ಒಳಗ?’

ಏಳು ಆಡು ಗೋಡೆ ಜಿಗಿದು ಆಗಲೇ ಒಳಗಿದ್ದವು.
ಅವಳು ಮಾತ್ರ ಹೊರಗೇ, ಒಂದು ಕಲ್ಲಿನ ಮುಂದೆ,
ಕೈಯಲ್ಲಿ ಗಂಟು.
ಬನ್ನಿ ಎಂದೆ, ನನ್ನದೇ ಜಾಗವೆಂಬಂತೆ.
‘ಗ್ವಾಡಿ ಜಿಗದ ಬಂದಿ ಅಲ್ಲ, ತಂಗಿ?
ಬಾಗಲಾ ಈ ಕಡೆ ಐತಿ.’
ತೋರಿಸಿದಲ್ಲಿ ಬಾಗಿಲಿರಲಿಲ್ಲ.
ಕದ ತಿರುಗುತ್ತಿದ್ದ ಕುಳಿಯೊಂದು ಕಲ್ಲಿನಲ್ಲಿ,
ಕುಳಿಯೊಳಗೆ ಕೆಸರು, ಕೆಸರಲ್ಲಿ ಹುಲ್ಲಿನೆಸಳು.
ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದು ತುಟಿಯಲ್ಲೇ ಅಂದು
ಬಲಗಾಲಿಟ್ಟು ದಾವಲಬಿ
ಮುಳುಗಡೆಯಾದ ತನ್ನ ಮನೆಯೊಳಗೆ ಬಂದಳು.

ಎದ್ದು ನಿಂತೆ. ಡೇರೆ ಕೀಳಲೇ ಎಂದೆ.
‘ಹುಚ್ಚಿ. ಇರು. ಖಾಲಿ ಬಿದ್ದದ್ದs ಭಾಳ ಆತು.
ತಲಿ ಇಟ್ಟೀಯಲ್ಲ, ಅಲ್ಲಿ ಒಲಿ ಇತ್ತು.
ಚೂರು ಈಚಿಗೆ ಸರಿ, ಹೊಗಿ ಬಡೀತೈತಿ.’
ನಕ್ಕಳು. ನಾನೂ ನಕ್ಕೆ, ಮತ್ತು
ನಿಜವಾಗಿಯೂ ಚೂರು ಸರಿದೆ.

ಗಂಟಿನಲ್ಲಿ ಎರಡು ಕಟಿರೊಟ್ಟಿ, ಗುರೆಳ್ಳು ಹಿಂಡಿ,
ಮಗಿಯಲ್ಲಿ ಕೊಲ್ಹಾರದ ಮೊಸರು, ಬೋರಲು ಹಾಕಿದರೂ
ಬೀಳದಷ್ಟು ಗಟ್ಟಿ. ಹಾಕಿಯೇ ತೋರಿಸಿದಳು.
ಎಲ್ಲಿಂದ, ಎಲ್ಲಿಗೆ, ಗಂಡ ಎಲ್ಲಿ
ಒಂದನ್ನೂ ಕೇಳಲಿಲ್ಲ. ಕೈ ನೋಡಿದಳು.
ಸೆರಗಿನಂಚು ಹರಿದು ಬಿಗಿಯಾಗಿ ಸುತ್ತಿದಳು.
ಆಮೇಲೆ ನನ್ನ ಸಾಮಾನಿನ ಮುಂದೆ ಕುಕ್ಕರಗಾಲಲ್ಲಿ ಕೂತು
ನೀರಿನ ಬಾಟಲಿ, ಉಪ್ಪಿನಕಾಯಿ ಡಬ್ಬಿ,
ಚಹಾಪುಡಿ, ಮುಲಾಮು, ಸ್ಟವ್ವಿನ ತಿರುಪು,
ಒಂದೊಂದಾಗಿ ಎಲ್ಲ ಮುಚ್ಚಳ ಸಡಿಲಿಸಿ
ಇದ್ದಲ್ಲೇ ಇಟ್ಟಳು.

‘ರಾತ್ರಿ ಅಂಜಿಕಿ ಬಂದ್ರ ಬ್ಯಾಟರಿ ಎರಡ ಸಲ ಹಚ್ಚು.
ನಮ್ಮ ಮಲಂಗ ತೆಪ್ಪದಾಗ ಇರ್ತಾನ, ಬಲಿ ಹಾಕಾಕ.
ಅವನೂ ಹಚ್ತಾನ.’

ಅಂಜಿಕೆ ಬರಲಿಲ್ಲ. ಚಿಕ್ಕೆಗಳು ಬಂದವು,
ಸೊಳ್ಳೆ ಬಂತು, ಯಾವುದೋ ಹಕ್ಕಿ
ನೀರಿನ ಮೇಲೆ ತನ್ನ ಹೆಸರನ್ನೇ ಕೂಗುತ್ತಾ ಹೋಯಿತು.
ಒಲೆಯಿದ್ದ ನೆಲ ಹಗಲಿನ ಕಾವು ಇನ್ನೂ ಬಿಟ್ಟಿರಲಿಲ್ಲ.
ಸರಿರಾತ್ರಿ ದಾಟಿರಬೇಕು,
ನೀರಿನ ನಡುವಿನಿಂದ ಬೆಳಕು: ಒಮ್ಮೆ, ಇನ್ನೊಮ್ಮೆ.
ನಾನು ಹಚ್ಚಿರಲಿಲ್ಲ. ಅವನೇ ಮೊದಲು.

ಅಷ್ಟಗಲ ಕತ್ತಲೆಯಲ್ಲಿ ಒಬ್ಬನೇ ಹುಡುಗ.
ತಡಕಾಡಿ ಟಾರ್ಚು ಹುಡುಕಿ ಎರಡು ಸಲ ಹಚ್ಚಿದೆ.
ನಿದ್ದೆ ಬರುವ ತನಕ ಆಗಾಗ
ಕೇಳದಿದ್ದರೂ, ಹಚ್ಚುತ್ತಲೇ ಇದ್ದೆ.

ಬೆಳಗ್ಗೆ ಮಣಿಕಟ್ಟು ರಾಜಿಗೆ ಬಂದಿತ್ತು.
ಗೂಟದ ತೂತುಗಳಿಗೆ ಮಣ್ಣು ತುಂಬಿ, ನೆಲ ಗುಡಿಸಿ
ಮಗಿ ತೊಳೆದು ಒಲೆಯ ಜಾಗದಲ್ಲಿಟ್ಟೆ.
ಚೀಲ ಹೊತ್ತು, ಸುತ್ತುಹಾಕಿ, ಬಾಗಿಲಿಂದ ಹೊರಬಿದ್ದೆ.
ದೂರದಿಂದ ಆಡುಗಳ ನಡುವೆ ಕೈಯೆತ್ತಿ ಕೂಗಿದಳು:
‘ಶ್ರಾವಣದಾಗ ಬಂದ್ರ ತೆಪ್ಪಾ ಹತ್ತಿ ಬಾ!’

ಸೇತುವೆ ದಾಟಿದೆ. ವಿಜಯಪುರ ದಾಟಿದೆ.
ಬೇವಿನ ನೆರಳೊಂದರಲ್ಲಿ ನೀರಿಗೆಂದು ನಿಂತು
ಹಲ್ಲು ಕಚ್ಚಿ ಬಾಟಲಿ ಹಿಡಿದೆ.
ಬೆರಳು ತಾಕಿದ್ದೇ ತಡ
ಮುಚ್ಚಳ ತಾನಾಗಿ ತಿರುಗಿತು.