ಹರಳು

ಶಿಗರಾಕಿಯ ಈ ಮಣ್ಣು
ಒಂದು ಕಾಲಕ್ಕೆ ಕೆರೆಯ ತಳ.
ನೀರು ಬಡಗಣಕ್ಕೆ ಗುಳೆ ಹೋಯಿತು,
ಪಾತ್ರೆಪಡಗ ಇಲ್ಲೇ ಬಿಟ್ಟು.

ಚಿಗುಸಾ ಹರಳು ಸೋಸುವವಳಲ್ಲ.
ಪದರದ ಮೇಲೆ ಪದರ ಒತ್ತಿ
ತಂತಿಯಲ್ಲಿ ಸೀಳಿ
ಎದೆಮಟ್ಟದ ಬಂಡೆ ನಿಲ್ಲಿಸಿದಳು.

ಆರು ಹಗಲು ಪೈನ್ ಸೌದೆ.
ರಾತ್ರಿ ಪಾಳಿ ತಮ್ಮನದು; ತೂಕಡಿಸಿದ.
ಗೂಡೊಳಗೆ ಪಟ್ಟೆಂದದ್ದು
ಯಾರಿಗೂ ಕೇಳಲಿಲ್ಲ.

ಬಾಗಿಲ ಇಟ್ಟಿಗೆ ಕಿತ್ತರೆ
ನೆತ್ತಿ ಬಿರಿದಿದೆ. ಬಿರುಕಿನಂಚಿಗೆ
ಅರೆಗರಗಿದ ಬಿಳಿ ಹರಳು,
ವಸಡು ಸೀಳಿ ಬಂದ ಹಾಲುಹಲ್ಲು.

ತಪ್ಪು ನನ್ನದೇ, ಅಂದ ತಮ್ಮ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಹರಳು ಕಾದದ್ದು
ಯಾರ ಲೆಕ್ಕಕ್ಕೆ?

ಅವಳು ಬೂದಿಯನ್ನೂ ಒರೆಸಲಿಲ್ಲ.
ಇಬ್ಬರೂ ಹೊತ್ತು
ಅಂಗಳದಲ್ಲಿಟ್ಟರು, ಮಳೆಗೆ.

ಮೂರನೆಯ ಬೆಳಗ್ಗೆ ಬಿರುಕಿನಲ್ಲಿ
ಚಮಚೆಯಷ್ಟು
ಕೆರೆ.