ಎರಡು ಕಿವಿಯ ನಟ್ಟು

ಮೊಂತೇರೊ ಪೊರ್ಬುಗಳು ಪೆಟ್ಟಿಗೆಯನ್ನು ಆಟೋದಲ್ಲಿ ತಂದರು.
ಸೀಟಿನಲ್ಲಿ ಅದು, ಅಂಚಿನಲ್ಲಿ ಅವರು.
ಉಪ್ಪಳದ ರೈಲ್ವೆ ಗೇಟು ದಾಟಿ
ನಮ್ಮಣ್ಣನ ಟಯರಂಗಡಿಯ ಹಿಂದೆ
ನನ್ನ ಕೋಣೆಗೆ.

ಹಲಸಿನ ಹಲಗೆ. ಮುಖಕ್ಕೆ ಗೋಣಿಯಂಥ ಬಟ್ಟೆ,
ಬೈಂದೂರಿನಿಂದ ಪಯ್ಯನ್ನೂರಿನವರೆಗೆ
ಮದುವೆ ಮನೆಗಳ ಬಿರಿಯಾನಿ ಹೊಗೆ, ರೋಸಿನ ತೆಂಗಿನ ಹಾಲು,
ಯಾರ‍್ಯಾರದೋ ಸಿಗರೇಟು ಕುಡಿದು ಕಂದಿದ್ದು.
ತಳದಲ್ಲಿ ಗೆದ್ದಲು ಶುರುವಾಗಿದೆ.
"ಮರ ಹೋಗ್ಲಿ," ಅಂದರು. "ಇದರ ಸ್ವರ
ನಿನ್ನ ಕಂಪ್ಯೂಟರಿಗೆ ಹಾಕ್ಲಿಕ್ಕೆ ಆಗ್ತದಾ?"

ಆಗ್ತದೆ. ನಾನು ಮಾಡುವುದೇ ಅದು.
ಬೆನ್ನಿನ ಕಡೆಯಿಂದ ಕೈಹಾಕಿ ಮೊದಲು ಗುಡಿಸಿದೆ:
ಜೇಡರ ಬಲೆ, ಹಲ್ಲಿ ಮೊಟ್ಟೆಯ ಎರಡು ಚಿಪ್ಪು,
ಪೆಟ್ಟಿಗೆಯ ಯಾವ ಸ್ಕ್ರೂವಿಗೂ ಸೇರದ
ಎರಡು ಕಿವಿಯ ಒಂದು ನಟ್ಟು.
ಸ್ಪೀಕರಿನ ಎದೆಯಿಂದ ನಾಲ್ಕು ಬೆರಳಿನಾಚೆ ಮೈಕು.
ಗೋಡೆ ಸುತ್ತ ಹಾಲಿನಿಂದ ಬಾಡಿಗೆಗೆ ತಂದ ಹಾಸಿಗೆಗಳು.

ಆಮೇಲೆ ಒಂದು ಊಳು.
ನೆಲದಡಿ ಯಾರೋ ಹಾಸುಗಲ್ಲು ಎಳೆದಂತೆ ಹೊರಟು
ಹತ್ತು ಸೆಕೆಂಡು ಏರಿ ಏರಿ
ನಾಯಿಗಷ್ಟೇ ಕೇಳುವಲ್ಲಿ ಮುಗಿಯುವುದು.
ಹಾಡಲ್ಲ, ಮಾತಲ್ಲ.
"ಹಂಚಿನ ಕಾರ್ಖಾನೆ ಕೂಗಿದ ಹಾಗೆ ಉಂಟು," ಅಂದರು.
ಮೊದಲ ಸಲ ಗೂಡ್ಸ್ ರೈಲು ಬಂತು.
ಎರಡನೇ ಸಲ ಗೇಟಿನ ಗಂಟೆ.
ಮೂರನೇ ಸಲ ಅವರ ಕೆಮ್ಮು,
ಅದಕ್ಕವರು ಪೆಟ್ಟಿಗೆಯ ಕಡೆಗೆ ತಿರುಗಿ ಕ್ಷಮೆ ಕೇಳಿದರು.

ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ
ಉಳಿಯುವುದು ಪೆಟ್ಟಿಗೆ.
ಪರದೆಯಲ್ಲಿ ಒಂದು ಮೊನೆ, ಹಿಂದೆ ನಡುಗುವ ಬಾಲ,
ಓತಿಯೊಂದು ಬೇಲಿ ಹಾರಿದಷ್ಟು ಹೊತ್ತು.
ಮೂವತ್ತೊಂದು ವರ್ಷ ಅಷ್ಟೇ ಜಾಗ ಹಿಡಿಯಿತು.

ಗಿಟಾರನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ
ಹೆಡ್‌ಫೋನು ಅವರ ಕಿವಿಗಿಟ್ಟೆ.
ಮೊದಲ ಕಾರ್ಡಿಗೇ ಭುಜ ಇಳಿಯಿತು.
ಎರಡು ಸಾಲು ಬಾರಿಸಿ
ದಪ್ಪ ತಂತಿಯ ಒಂದು ಸ್ವರದಲ್ಲಿ ನಿಂತರು.
ಮತ್ತದೇ ಸ್ವರ. ಮತ್ತೆ.
ಬಾಗಿಲು ತಟ್ಟಿ ಒಳಗಿನವರಿಗೆ ಕಾದ ಹಾಗೆ.
"ಎಲ್ಲ ಸರಿ ಉಂಟು ರಮೀಝಾ. ಆದ್ರೆ
ಇಲ್ಲಿ ಅದು ಹಲ್ಲು ಕಡೀತಿತ್ತು."

ಕಸದ ಡಬ್ಬಿಗೆ ಕೈಯಿಟ್ಟೆ.
ಟಯರಂಗಡಿಯ ಚಹಾ ಕಪ್ಪುಗಳ ನಡುವೆ ಸಿಕ್ಕಿತು.
ಒಳಗೆ ಹಾಕಿ ಮತ್ತೊಮ್ಮೆ ಊಳಿಡಿಸಿದೆ.
ನಟ್ಟು ಕುಣಿಯಿತು. ನಾವಿಬ್ಬರೂ ಕೇಳಿದೆವು.
ಲೆಕ್ಕ ಕೇಳಲಿಲ್ಲ.
ಕೊಟ್ಟಷ್ಟಕ್ಕೆ ತಕ್ಕಷ್ಟು ಮರಳಿಸುವುದನ್ನೇ
ಅದು ಸ್ವರವೆಂದು ಬಲ್ಲದು;
ಮೆಲ್ಲಗೆ ಮೀಟಿದರೆ ಮಲಗಿದ್ದು
ಜೋರಿಗೆ ಮಾತ್ರ ಎದ್ದು ತಾಳ ತಪ್ಪುವುದನ್ನು
ಬಾಲದ ತುದಿಗೆ ತೆಳ್ಳಗೆ ಬೂದಿಯಂತೆ ಸವರಿ ಬಿಟ್ಟಿತು.

ಬೇರೆ ದಾರಿ ಇದೆ, ಮೆಲ್ಲಗೊಮ್ಮೆ ಜೋರಾಗೊಮ್ಮೆ
ಇಪ್ಪತ್ತು ಸಲ ಹಿಡಿದು ಹೆಣೆಯಬಹುದು,
ನಾಳೆ ಬನ್ನಿ, ಎನ್ನುತ್ತಲೇ ಇದ್ದೆ.
ಅವರು ನಟ್ಟನ್ನು ಬೆಳಕಿಗೆ ಹಿಡಿದಿದ್ದರು.

"ಇದು ಪೆಟ್ಟಿಗೆದ್ದಲ್ಲ.
ನಮ್ಮ ಡ್ರಮ್ಮಿನ ಸಿರಿಲನ ತಾಳದ ಸ್ಟ್ಯಾಂಡಿನದ್ದು.
ಕುಂಬಳೆಯ ಮದುವೆಯ ರಾತ್ರಿ
ಇಡೀ ಸ್ಟೇಜು ಮೊಣಕಾಲಲ್ಲಿ ಹುಡುಕಿದ.
ಕುಡಿದು ಬೀಳಿಸಿದ್ದೀ ಅಂತ ಬೈದೆ ನಾನು.
ನನ್ನ ಪೆಟ್ಟಿಗೆಯಲ್ಲೇ ಇತ್ತು ಇದು."

ಸಿರಿಲ್ ಈಗೆಲ್ಲಿ ಎಂದು ನಾನು ಕೇಳಲಿಲ್ಲ.
ಅಂಗಿ ಜೇಬಿಗೆ ಹಾಕಿ ಗುಂಡಿ ಹಚ್ಚಿದರು.
ಐನೂರರ ನೋಟು ಮೇಜಿನ ಮೇಲೆ.
ಪೆಟ್ಟಿಗೆ ಇಲ್ಲೇ ಇರಲಿ, ಅಂದರು.

ಅವರು ಹೋದ ಮೇಲೆ ನೋಡಿದೆ:
ನಕಲು ತುಂಬಿಸಿಟ್ಟ ಪೆನ್‌ಡ್ರೈವೂ ಅಲ್ಲೇ ಇದೆ.
ಗೇಟು ಬಿದ್ದಿದೆ. ಓಡಿದರೆ ಸಿಗುತ್ತಾರೆ.